ಒಂದನೇ ನಂಬರಿನ ತೊಟ್ಟಿಲು

ನಮ್ಮ ತವರಿನವರು ನೂರು ಕಿಲೋಗಿಂತ ಕಡಿಮೆ ತೂಗುವವರನ್ನು ಕಂಡರೆ ‘ಪಾಪ, ಹುಷಾರಿಲ್ವಾ?’ ಎಂದು ಕೇಳುತ್ತಾರೆ. ಅಣ್ಣ ಬೇಕರಿ ಇಟ್ಟವನು. ಅತ್ತಿಗೆ, ಅವರ ಗಂಡುಮಕ್ಕಳು, ಸೊಸೆಯಂದಿರು, ಚಿಕ್ಕಪ್ಪನ ಮಕ್ಕಳು, ಎಲ್ಲರದೂ ಬೆಣ್ಣೆ ತಿಂದು ಬೆಳೆದ ಮೈ. ಅವರಲ್ಲಿ ಹದಿನಾರು ಜನರನ್ನು ಆರಿಸಿ ಒಂದು ಭಾನುವಾರ ಮಧ್ಯಾಹ್ನ ಜೆಟ್ಟಿಗೆ ಕರೆದುಕೊಂಡು ಹೋದೆ. ಆರಿಸಿದ್ದು ಪ್ರೀತಿ ನೋಡಿ ಅಲ್ಲ, ತೂಕ ನೋಡಿ.

“ಏನೇ ಇದು, ಇದ್ದಕ್ಕಿದ್ದಂಗೆ ಎಲ್ಲರಿಗೂ ಜೈಂಟ್ ವೀಲು?” ಬಸ್ಸಿನಲ್ಲಿ ಅಣ್ಣ ಕೇಳಿದ. “ಆ ಜಾಗದ ಹೆಸರು ಎತ್ತಿದ್ರೆ ಉರಿದು ಬೀಳ್ತಿದ್ದೆ.”

“ಸಮುದ್ರದ ಗಾಳಿ ಒಳ್ಳೇದು ಅಂತ ಡಾಕ್ಟರು ಹೇಳಿದಾರೆ.”

“ಯಾರಿಗೆ?”

“ನಿಂಗೇ ಅಣ್ಣ.”

ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು. ನಾನು ಯಾಕೆ ಹೊರಟಿದ್ದೇನೆ ಎಂದು ಆ ಹದಿನಾರು ಜನರಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಅಣ್ಣನಿಗೆ ಹೇಳಿದ್ದರೆ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

ಜೆಟ್ಟಿ ಎಂದರೆ ನೀರಿನೊಳಗೆ ಕಂಬ ನೆಟ್ಟು ಮೇಲೆ ಹಲಗೆ ಹಾಸಿದ ಉದ್ದನೆಯ ಬೀದಿ. ದಡದಿಂದ ತುದಿಗೆ ಆರುನೂರು ಹೆಜ್ಜೆ. ಇಪ್ಪತ್ತೆರಡು ವರ್ಷ ದಿನಕ್ಕೆ ಎರಡು ಸಲ ನಡೆದ ಕಾಲಿಗೆ ಅದು ಬಾಯಿಪಾಠ. ಎರಡೂ ಬದಿಗೆ ಅಂಗಡಿ. ಮೊದಲು ಟೋಪಿ, ಚಪ್ಪಲಿ, ಆಟಿಕೆ. ಆಮೇಲೆ ಎಣ್ಣೆಯ ಹೊಗೆ ಶುರುವಾದರೆ ಹೋಟೆಲುಗಳ ಸಾಲು ಬಂತೆಂದೇ ಅರ್ಥ. ಅದನ್ನು ದಾಟಿದರೆ ಕನ್ನಡಿ ಮನೆ, ಮಕ್ಕಳ ರೈಲು, ಡಿಕ್ಕಿ ಹೊಡೆಯುವ ಕಾರು. ಕಟ್ಟಕಡೆಯಲ್ಲಿ, ಮೂರು ಕಡೆಗೂ ನೀರು ಇರುವಲ್ಲಿ, ಹದಿನಾರು ತೊಟ್ಟಿಲುಗಳ ಜೈಂಟ್ ವೀಲ್. ಆ ಚಕ್ರವನ್ನು ಓಡಿಸುತ್ತಿದ್ದವಳು ನಾನು.

ದಡದ ಕಡೆಯ ಮೊದಲನೇ ಅಂಗಡಿ ಶಂಖ, ಕವಡೆ, ಮುತ್ತಿನ ಸರ ಮಾರುವ ಹೆಂಗಸಿನದು. ತಲೆಗೆ ಸೆರಗು ಎಳೆದುಕೊಂಡು ದಾಟಲು ನೋಡಿದೆ. ಅವಳ ಕಣ್ಣು ತಪ್ಪಿಸಲು ಆಗಲಿಲ್ಲ. ಕೈಯಲ್ಲಿದ್ದ ಸರ ಕೆಳಗಿಟ್ಟು, ನನ್ನನ್ನೇ ನೋಡುತ್ತ, ಹಲಗೆಯ ಸಂದಿಗೆ ಥೂ ಎಂದು ಉಗಿದಳು. ನನ್ನ ಜತೆಯವರು ಯಾರನ್ನೋ ಅಂದುಕೊಂಡು ಮುಂದೆ ಹೋದರು.

ಅವಳ ತಪ್ಪಿಲ್ಲ. ಅವಳ ಮಗಳು ನಾಲ್ಕು ವರ್ಷದಿಂದ ಕುಂಟುತ್ತಿದ್ದಾಳೆ, ಅದಕ್ಕೆ ಕಾರಣ ನಾನು ಎಂದು ಅವಳು ನಂಬಿದ್ದಾಳೆ.

ನಡೆದದ್ದು ಇಷ್ಟು. ಚಕ್ರದ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಯಾವ ತೊಟ್ಟಿಲಿನ ಚಿಲಕ ಸಡಿಲವಾಗುತ್ತದೋ ಅದಕ್ಕೆ ಚಕ್ರ ಓಡಿಸುವವರು ತಮ್ಮ ಮನೆಯ ಬೀಗವನ್ನು ಹಾಕಬೇಕು. ಕಂಪನಿಯ ಬೀಗ ಅಲ್ಲ, ಸ್ವಂತದ್ದು. ಕೀಲಿಕೈ ಸೊಂಟದಲ್ಲೇ ಇರಬೇಕು. ರಿಪೇರಿ ಆಗುವ ತನಕ ಆ ಬೀಗವನ್ನು ಜೆಟ್ಟಿಯ ಯಜಮಾನರೂ ಮುಟ್ಟುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಹನ್ನೆರಡನೇ ತೊಟ್ಟಿಲಿಗೆ ನಾನು ಬೀಗ ಹಾಕಿ ಊಟಕ್ಕೆ ಹೋದೆ. ಬರುವುದರೊಳಗೆ ಆಗ ಟಿಕೆಟ್ ವಿಭಾಗ ನೋಡುತ್ತಿದ್ದವನು ಬೀಗ ಒಡೆಸಿ, ಒಂದು ಸಂಸಾರವನ್ನು ಕೂರಿಸಿ, ಚಕ್ರ ಓಡಿಸಿದ್ದ. ಬಾಗಿಲು ತೆರೆದುಕೊಂಡಿತು. ಇವಳ ಮಗಳು ಎರಡಾಳೆತ್ತರದಿಂದ ಬಿದ್ದಳು. ಸೊಂಟದ ಮೂಳೆ ಹೋಯಿತು.

ವಿಚಾರಣೆಯಲ್ಲಿ ಅವನು ಬರೆದುಕೊಟ್ಟ: ಚಕ್ರದವಳು ನಿದ್ದೆ ಮಾಡುತ್ತಿದ್ದಳು, ಬೀಗ ಹಾಕಿರಲೇ ಇಲ್ಲ. ಒಡೆದ ಬೀಗ ಸಮುದ್ರದ ಪಾಲಾಗಿತ್ತು. ನನ್ನನ್ನು ತೆಗೆದರು, ಅವನು ಮ್ಯಾನೇಜರ್ ಆದ. ನಮ್ಮ ಬೀದಿಯ ಮಕ್ಕಳು ನನಗೆ ‘ನಿದ್ದೆಗಣ್ಣಿ’ ಎಂದು ಹೆಸರಿಟ್ಟರು. ಅಣ್ಣನ ಬೇಕರಿಯಲ್ಲಿ ಬನ್ನು ಜೋಡಿಸುತ್ತ ನಿಂತರೆ ಗಿರಾಕಿಗಳು “ಎಚ್ಚರ ಇದೀರಾ ಅಮ್ಮ?” ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವನ ಕೆಲಸ ಹೋಗಲಿ, ಕಾಲು ಮುರಿಯಲಿ ಎಂದೆಲ್ಲ ಮೊದಲ ವರ್ಷ ಅಂದುಕೊಂಡಿದ್ದೆ. ಆಮೇಲೆ ಆಸೆ ಸಣ್ಣದಾಗುತ್ತ, ಚೂಪಾಗುತ್ತ ಬಂತು. ಒಂದೇ ಮಾತು ಬೇಕಿತ್ತು. ‘ಬೀಗ ಒಡೆಸಿದ್ದು ನಾನು’ ಎಂದು ಅವನ ಬಾಯಿಂದಲೇ ಬರಬೇಕು. ಶಂಖದಂಗಡಿಯವಳ ಕಿವಿಗೆ ಬೀಳಬೇಕು.

ದಾರಿ ತೋರಿಸಿದವನು ಅವನೇ. ಚಕ್ರಕ್ಕೆ ಜನ ತುಂಬುವುದೂ ತಕ್ಕಡಿ ತೂಗುವುದೂ ಒಂದೇ. ಒಂದನೇ ತೊಟ್ಟಿಲಿಗೆ ಜನ ಹತ್ತಿಸಿದರೆ ಮುಂದಿನವರನ್ನು ಎದುರುಬದಿಯ ಒಂಬತ್ತಕ್ಕೆ ಹತ್ತಿಸಬೇಕು. ಐದು ಆದರೆ ಹದಿಮೂರು. ಸಾಲಿನಲ್ಲಿ ನಿಂತವರ ಮೈಕಟ್ಟು ನೋಡಿ, ದಪ್ಪದವರನ್ನು ಇತ್ತ, ಸಣ್ಣವರನ್ನು ಅತ್ತ ಕಳಿಸುತ್ತಿದ್ದೆ. ಹೊತ್ತು ಹಿಡಿಯುತ್ತದೆ ನಿಜ. ಮ್ಯಾನೇಜರ್ ಆದ ಮೇಲೆ ಅವನು ಟಿಕೆಟ್ಟಿನ ಮೇಲೇ ತೊಟ್ಟಿಲಿನ ನಂಬರು ಅಚ್ಚು ಹಾಕಿಸಿದ. ಬಂದವರು ಬಂದ ಹಾಗೆ ಒಂದು, ಎರಡು, ಮೂರು. ಚಕ್ರದವರು ಒಂದು ನಂಬರೂ ಆಚೀಚೆ ಮಾಡುವ ಹಾಗಿಲ್ಲ. ದಿನಾ ಬರುವವರು ಎಲ್ಲ ಗಾತ್ರದವರೂ ಇರುವುದರಿಂದ ಇದುವರೆಗೆ ಹೇಗೋ ನಡೆದಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ವರ್ಷ ಜೆಟ್ಟಿ ಶುರುವಾದ ದಿನದಂದು ನಾಲ್ಕು ಗಂಟೆಯ ಮೊದಲ ಸುತ್ತಿಗೆ ಯಜಮಾನರೂ ಮ್ಯಾನೇಜರೂ ಒಂದನೇ ತೊಟ್ಟಿಲಿನಲ್ಲಿ ಕೂರಬೇಕು. ಈ ವರ್ಷ ಆ ದಿನ ಬಿದ್ದದ್ದು ಇದೇ ಭಾನುವಾರ. ಎರಡರಿಂದ ಆರು ಕೆಲಸದವರ ಮಕ್ಕಳಿಗೆ. ಏಳರಿಂದ ಸಾರ್ವಜನಿಕರಿಗೆ. ಅಂದರೆ ಸಾಲಿನಲ್ಲಿ ಮೊದಲು ನಿಂತ ಹದಿನಾರು ಜನರಿಗೆ ಏಳು, ಎಂಟು, ಒಂಬತ್ತು, ಹತ್ತು.

ಎರಡು ಗಂಟೆಗೇ ಸಾಲು ಹಿಡಿದೆವು.

“ಎರಡು ಗಂಟೆ ನಿಂತು ಕಾಯೋಕೆ ನಾನೇನು ರೇಷನ್ನಿಗೆ ಬಂದಿದೀನಾ?” ಅಣ್ಣ ಗೊಣಗಿದ. ಸುಟ್ಟ ಜೋಳ ಕೊಡಿಸಿದೆ. ಐಸ್‌ಕ್ರೀಮ್ ಕೊಡಿಸಿದೆ. ಅವನ ದೊಡ್ಡ ಮಗ ಮೂರನೇ ಸಲ ಕೈ ಚಾಚಿದಾಗ ಅತ್ತಿಗೆ ಗದರಿದರು. “ತಿನ್ನಲಿ ಬಿಡಿ ಅತ್ತಿಗೆ,” ಎಂದೆ, “ಇವತ್ತು ಪ್ರತಿ ಕಿಲೋನೂ ಬೇಕು.”

ನಾಲ್ಕಕ್ಕೆ ಯಜಮಾನರು ಬಂದರು. ಬಿಳಿ ಅಂಗಿ, ಕೈಯಲ್ಲಿ ಕೋಲು, ಎಲ್ಲರಿಗೂ ಒಂದೇ ನಗು. ಹಿಂದೆ ಮ್ಯಾನೇಜರ್, ಎದೆಯ ಮೇಲೆ ವಾಕಿಟಾಕಿ. ಈ ಮನುಷ್ಯನಿಗೆ ಎತ್ತರ ಎಂದರೆ ಜೀವ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಏಣಿಯ ಮೂರನೇ ಮೆಟ್ಟಿಲು ಹತ್ತಿದರೆ ಅವನ ಕಿವಿ ಬೆಳ್ಳಗಾಗುತ್ತಿತ್ತು. ಇವತ್ತೂ ತೊಟ್ಟಿಲಿನೊಳಗೆ ಕಾಲಿಡುವಾಗ ಕಿವಿ ಬೆಳ್ಳಗೇ ಇತ್ತು.

ಚಕ್ರ ಓಡಿಸುತ್ತಿದ್ದವಳು ಹೊಸ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಮಕ್ಕಳನ್ನು ಹತ್ತಿಸಿದಳು. ನಮ್ಮವರು ಬಂದರು. ಏಳನೇ ತೊಟ್ಟಿಲಿಗೆ ನಾಲ್ವರು ಕೂತಾಗ ಅದರ ಕೊಂಡಿ ಕಿರುಗುಟ್ಟಿತು. ಎಂಟು ತುಂಬಿದಾಗ ಹುಡುಗಿ ಟಿಕೆಟ್ಟನ್ನೂ ಜನರನ್ನೂ ಎರಡೆರಡು ಸಲ ನೋಡಿದಳು.

“ಸ್ವಲ್ಪ ಜನ ಆ ಕಡೆ ಕೂತ್ಕೊಳ್ತೀರಾ?” ಎಂದು ಅಣ್ಣನನ್ನು ಕೇಳಿದಳು. ಒಳ್ಳೆಯ ಹುಡುಗಿ. ಯಾರೂ ಕಲಿಸದಿದ್ದರೂ ಕೈಗೆ ತೂಕ ತಿಳಿದಿತ್ತು.

“ಒಂಬತ್ತು ಅಂತ ಬರೆದಿದೆ ನೋಡಮ್ಮ,” ಅಣ್ಣ ಟಿಕೆಟ್ ತೋರಿಸಿದ.

ಹುಡುಗಿ ವಾಕಿಟಾಕಿಯಲ್ಲಿ ಮೇಲೆ ಕೇಳಿದಳು. “ನಂಬರ್ ಪ್ರಕಾರ ಹಾಕು, ತಲೆ ತಿನ್ಬೇಡ,” ಎಂದು ಉತ್ತರ ಬಂತು.

ಹತ್ತು ತುಂಬಿತು. ಹುಡುಗಿ ಹಿಡಿಕೆ ಎಳೆದಳು. ಚಕ್ರ ಎರಡು ಮೊಳ ಏರಿತು. ಸಮುದ್ರದ ತೇವಕ್ಕೆ ಒದ್ದೆಯಾಗಿದ್ದ ಅಂಚಿನ ಕಂಬಿಯ ಮೇಲೆ, ಚಕ್ರವನ್ನು ಒತ್ತಿ ತಿರುಗಿಸುವ ಟೈರುಗಳು ಕೀರ್ ಎಂದು ಜಾರಿದವು, ರಬ್ಬರಿನ ಕಮಟು ಎದ್ದಿತು. ಚಕ್ರ ಮೆಲ್ಲನೆ ಹಿಂದಕ್ಕೆ ಬಂದು, ಒಂಬತ್ತನೇ ತೊಟ್ಟಿಲನ್ನು ಕೆಳಗಿಟ್ಟುಕೊಂಡು ನಿಂತಿತು. ಅದರ ನೇರ ಎದುರಿಗೆ, ಆಕಾಶಕ್ಕೆ ಅಂಟಿದ ಹಾಗೆ, ಒಂದನೇ ನಂಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬ್ರೇಕು ಗಟ್ಟಿ ಇತ್ತು, ಯಾರಿಗೂ ಒಂದು ಗೀರೂ ಆಗುವ ಭಯ ಇರಲಿಲ್ಲ.

ಆದರೆ ಮೂರನೇ ತೊಟ್ಟಿಲಿನಿಂದ ಒಂದು ಮಗು ಅಳತೊಡಗಿತು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹಲ್ಲು ಕಚ್ಚಿ ನಿಂತೆ.

ಹುಡುಗಿ ಓಡಿ ಬಂದು ಒಂಬತ್ತನೇ ತೊಟ್ಟಿಲಿನ ಬಾಗಿಲು ತೆಗೆದಳು. “ಅಂಕಲ್, ದಯವಿಟ್ಟು ಇಳೀರಿ. ತೂಕ ಜಾಸ್ತಿ ಆಗಿದೆ.”

ಅಣ್ಣ ಏಳಲು ನೋಡಿದ. ಅತ್ತಿಗೆ ಅವನ ತೋಳು ಹಿಡಿದು ಕೂರಿಸಿದರು. “ಯಾಕೆ ಇಳೀಬೇಕು? ಎರಡು ಗಂಟೆ ಬಿಸಿಲಲ್ಲಿ ನಿಂತಿದೀವಿ. ನಂಬರು ಕೊಟ್ಟೋರು ನೀವು, ತೂಕ ನಮ್ದಾ?”

“ಏಯ್, ಆ ಹುಡುಗಿ ಪಾಪ…”

“ನೀವು ಜೋಳ ತಿನ್ನಿ.”

ಆಗ ಹಿಡಿಕೆ ಇರುವ ಗೂಡಿನೊಳಗಿನ ವಾಕಿಟಾಕಿ ಕಿರುಚಿತು. “ಏನು ನಡೀತಿದೆ ಕೆಳಗೆ? ಮಲಗಿದೀಯೇನೇ? ಸಾರ್, ನೋಡಿ ಸಾರ್, ಈ ಹುಡುಗಿ ನಿದ್ದೆ ಮಾಡ್ತಿದಾಳೆ. ಇವತ್ತೇ ಕಿತ್ತು ಹಾಕ್ತೀನಿ ಇವಳನ್ನ!”

ಹುಡುಗಿ ಗೂಡಿಗೆ ಓಡಿ ವಾಕಿಟಾಕಿ ಎತ್ತಿಕೊಂಡಳು. “ನಾನು… ನಿಂತೇ ಇದೀನಿ ಸಾರ್,” ಎಂದಳು.

ಅದೇ ಸುಳ್ಳು, ಅದೇ ಬಾಯಿ. ನಾನು ಬೀಸಿದ ಕಲ್ಲು ನೇರ ಹೋಗಿ ಬಿದ್ದದ್ದು ನನ್ನಂಥವಳ ತಲೆಯ ಮೇಲೇ. ಇವಳನ್ನು ನಾನು ಎಣಿಸಿರಲೇ ಇಲ್ಲ. ಚಕ್ರದವಳಾಗಿ ಚಕ್ರದವಳನ್ನು ಮರೆತೆನಲ್ಲ ಎಂದು ಕಿವಿಯವರೆಗೂ ನಾಚಿಕೆ ಏರಿತು. ಮರೆಯಲ್ಲಿ ನಿಂತು ಬೇರೆ ಯಾರದೋ ಫೋನಿನಿಂದ ಅವನ ಹತ್ತಿರ ಮಾತು ಬಿಡಿಸಬೇಕೆಂದು ಯೋಚಿಸಿದ್ದೆ. ಅದನ್ನೆಲ್ಲ ಬಿಟ್ಟು, ಸಾಲಿಗೆ ಅಡ್ಡ ಕಟ್ಟಿದ್ದ ಸರಪಳಿ ದಾಟಿ ಗೂಡಿನೊಳಗೆ ಹೋದೆ.

“ಇತ್ತ ಕೊಡು ಮಗಳೇ.”

“ಯಾರು ನೀವು?”

“ನಿನಗಿಂತ ಮುಂಚೆ ಇಲ್ಲಿ ನಿದ್ದೆ ಮಾಡ್ತಿದ್ದೋಳು.”

ವಾಕಿಟಾಕಿಯ ಗುಂಡಿ ಒತ್ತಿದೆ. “ಮ್ಯಾನೇಜರ್ ಸಾಹೇಬ್ರೇ, ಈ ಹುಡುಗಿದು ಏನೂ ತಪ್ಪಿಲ್ಲ. ತೂಕ ಕೆಡಿಸಿದ್ದು ನಾನು. ನಿಮ್ಮ ನಂಬರ್ ಪ್ರಕಾರವೇ ಕೆಡಿಸಿದೀನಿ. ನನ್ನ ಗುರುತು ಸಿಕ್ತಾ?”

“ನಿದ್ದೆಗಣ್ಣಿ! ನೀನಾ? ಪೊಲೀಸಿಗೆ ಹಿಡಿಸ್ತೀನಿ ನಿನ್ನ!”

“ಹಿಡಿಸಿ. ಅದಕ್ಕೆ ಕೆಳಗೆ ಬರಬೇಕಲ್ಲ. ಹನ್ನೆರಡನೇ ತೊಟ್ಟಿಲಿನ ಬೀಗ ಯಾರು ಒಡೆಸಿದ್ದು ಅಂತ ಒಂದು ಮಾತು ಹೇಳಿ, ಇಳಿಸ್ತೀನಿ.”

ಅಷ್ಟರಲ್ಲಿ ಗಾಳಿ ಬೀಸಿತು. ಮೇಲಿನ ತೊಟ್ಟಿಲು ತೂಗಾಡಿತು. ಅಂಜಿದವನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ. ಅವನ ಕೈಗೆ ಸಿಕ್ಕಿದ್ದು ವಾಕಿಟಾಕಿ. ಗುಂಡಿಯ ಮೇಲೆ ಹೆಬ್ಬೆಟ್ಟು ಕೂತಿತು, ಮತ್ತೆ ಏಳಲಿಲ್ಲ. ಅದು ತನಗೇ ಗೊತ್ತಿಲ್ಲದೆ ಅವನು ಪಕ್ಕದವರ ಹತ್ತಿರ ಮಾತಾಡತೊಡಗಿದ. ಗುಂಡಿ ಒತ್ತಿಯೇ ಇದ್ದರೆ ಕೆಳಗಿನವರು ಏನೂ ಹೇಳಲಾಗುವುದಿಲ್ಲ, ಕೇಳಬಹುದು ಅಷ್ಟೇ. ಜೆಟ್ಟಿಯ ಪ್ರತಿ ಅಂಗಡಿಯಲ್ಲೂ ಅಂಥ ಒಂದು ಡಬ್ಬಿ ಗೋಡೆಗೆ ನೇತುಹಾಕಿದೆ, ಕಳೆದುಹೋದ ಮಕ್ಕಳ ಸುದ್ದಿ ಹೇಳಲು. ಎಲ್ಲದಕ್ಕೂ ಒಂದೇ ಲೈನು.

“ಸಾರ್, ಬಿದ್ದೋಗುತ್ತೆ ಸಾರ್ ಇದು. ಹೇಳ್ಬಿಡ್ಲಾ ಸಾರ್?”

“ಏನಂತ ಹೇಳ್ತೀಯ?” ಅದು ಯಜಮಾನರ ದನಿ.

“ಬೀಗ ಒಡೆಸಿದ್ದು ನಾನು ಅಂತ.”

“ಮುಚ್ಕೊಂಡು ಕೂತ್ಕೋ. ಒಂದು ತೊಟ್ಟಿಲೂ ಖಾಲಿ ಹೋಗಬಾರ್ದು ಅಂದಿದ್ದೆ ಅಷ್ಟೇ. ಬೀಗ ಒಡಿ ಅಂತ ನಾನು ಹೇಳಿದ್ನಾ?”

“ಆಮೇಲೆ ಅವಳು ಮಲಗಿದ್ಲು ಅಂತ ಬರಿ ಅಂದಿದ್ದು ನೀವೇ ಅಲ್ವಾ ಸಾರ್!”

“ಕಿರುಚಬೇಡ. ಹಳೇ ಕಥೆ ಎಲ್ಲ ಯಾಕೀಗ? ಆ ಹುಡುಗಿ ತಾಯಿಗೆ ಶಂಖದ ಅಂಗಡಿ ಕೊಟ್ಟು ಕೂರಿಸಿದೀನಿ. ನಾಲ್ಕು ವರ್ಷದಿಂದ ನನ್ನ ಕಂಡ್ರೆ ಎದ್ದು ಕೈ ಮುಗೀತಾಳೆ. ಮಲಗಿರೋ ನಾಯೀನ ನೀನು ಎಬ್ಬಿಸ್ಬೇಡ.”

ಹೋಟೆಲುಗಳ ಸಾಲಿನಲ್ಲಿ ಪಾತ್ರೆಯ ಸದ್ದು ನಿಂತಿತು. ಮಕ್ಕಳ ರೈಲು ನಿಂತಿತು. ಕನ್ನಡಿ ಮನೆಯವನು ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿದ. ಸಾಲಿನಲ್ಲಿ ನಿಂತಿದ್ದವರಲ್ಲಿ ಯಾರೋ “ಥೂ ನಿಮ್ಮ” ಎಂದರು.

ನನಗೆ ಕುಣಿಯಬೇಕು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾಲ್ಕು ವರ್ಷ ನಾನು ಕೊಂಬೆಗೆ ಕಲ್ಲು ಹೊಡೆಯುತ್ತಿದ್ದೆ. ಬೇರು ಬಿಳಿ ಅಂಗಿ ಹಾಕಿಕೊಂಡು, ಕೆಲಸದವರ ಮಕ್ಕಳ ತಲೆ ಸವರುತ್ತ ಓಡಾಡಿಕೊಂಡಿತ್ತು. ನನ್ನ ಕೋಪ ಆರಲಿಲ್ಲ, ಇಬ್ಬರಿಗೆ ಸಾಕಾಗುವಷ್ಟು ಬೆಳೆಯಿತು.

ಅತ್ತಿಗೆಗೆ ಕೈಸನ್ನೆ ಮಾಡಿದೆ. ಅವರು ಎದ್ದು, ಅಣ್ಣನನ್ನು ಎಬ್ಬಿಸಿದರು. ಅಣ್ಣನ ಮುಖ ಕೆಂಪಾಗಿತ್ತು. “ನಂಗೆ ಮೊದಲೇ ಹೇಳ್ಬಾರ್ದಾ? ಹೇಳಿದ್ರೆ ಬೇಕರಿಯಿಂದ ಮೈದಾ ಮೂಟೆನೂ ತರ್ತಿದ್ದೆ.”

“ಹಿಡಿಕೆ ನಂಗೆ ಕೊಡ್ತೀಯಾ?” ಎಂದು ಹುಡುಗಿಯನ್ನು ಕೇಳಿದೆ. ಅವಳು ಪಕ್ಕಕ್ಕೆ ಸರಿದಳು.

“ನೋಡ್ಕೋ. ತುಂಬಿಸೋದಕ್ಕೆ ಒಂದು ಕ್ರಮ ಇದ್ದ ಹಾಗೆ ಇಳಿಸೋದಕ್ಕೂ ಒಂದಿದೆ. ಮೊದಲು ಭಾರ, ಆಮೇಲೆ ಮಕ್ಕಳು. ಮಕ್ಕಳನ್ನೂ ಆ ಕೊನೆಯಿಂದೊಂದು, ಈ ಕೊನೆಯಿಂದೊಂದು.”

ಒಂಬತ್ತು ಖಾಲಿ ಆಯಿತು. ಚಕ್ರಕ್ಕೆ ಉಸಿರು ಬಂತು. ಬ್ರೇಕು ಸಡಿಲಿಸಿ, ಭಾರಕ್ಕೇ ಹಿಂದೆ ಮುಂದೆ ತೂಗಲು ಬಿಟ್ಟು, ಎಂಟು, ಹತ್ತು, ಏಳು. ನಮ್ಮವರೆಲ್ಲ ಇಳಿದು ಹಲಗೆಯ ಮೇಲೆ ಗೋಡೆಯ ಹಾಗೆ ನಿಂತರು. ಆಮೇಲೆ ಎರಡನೇ ತೊಟ್ಟಿಲಿಗಾಗಿ ಚಕ್ರ ತಿರುಗಿಸಿದೆ. ಒಂದನೇ ನಂಬರು ಕೆಳಗೆ ಬಂತು. ಯಜಮಾನರು ಕೋಲು ಎತ್ತಿ, ನಿಲ್ಲಿಸು ಎಂಬಂತೆ ಸನ್ನೆ ಮಾಡಿದರು. ಅವರ ನಗು ಇನ್ನೂ ಮುಖದ ಮೇಲೇ ಇತ್ತು. ನಾನು ನಿಲ್ಲಿಸಲಿಲ್ಲ. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದು ಮೇಲೆ ಹೋದರು.

ಎರಡು ಇಳಿಯಿತು. ಆರು ಇಳಿಯಿತು. ಆರರಿಂದ ಮೂರಕ್ಕೆ ಬರುವಾಗ ಒಂದನೇ ನಂಬರು ಮತ್ತೆ ಬಂತು. ಈ ಸಲ ಮ್ಯಾನೇಜರ್ ಬಾಗಿಲಿನ ಕಂಬಿ ಅಪ್ಪಿಕೊಂಡಿದ್ದ. ಅಂಗಿಯ ಮುಂಭಾಗ ಒದ್ದೆಯಾಗಿತ್ತು, ತಿಂದದ್ದೆಲ್ಲ ಹೊರಗೆ ಬಂದಿತ್ತು. “ಅಮ್ಮಾ, ನಿಲ್ಸಮ್ಮಾ,” ಎಂದ. ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನನ್ನು ಅಮ್ಮಾ ಎಂದದ್ದು ಅದೇ ಮೊದಲು.

“ಕ್ರಮ ತಪ್ಪಿಸೋ ಹಾಗಿಲ್ಲ ಸಾರ್,” ಎಂದೆ. ಮತ್ತೆ ಮೇಲೆ ಹೋದ.

ಮೂರನೇ ತೊಟ್ಟಿಲಿನ ಅಳುವ ಮಗುವನ್ನು ನಾನೇ ಎತ್ತಿ ಇಳಿಸಿದೆ. ಅದರ ಮೂಗು ಒರೆಸಿ, ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ಹುಡುಗಿ ನನ್ನ ತೋಳು ಮುಟ್ಟಿ ದಡದ ಕಡೆ ತೋರಿಸಿದಳು. ಜನ ಎರಡು ಪಾಲಾಗಿ ದಾರಿ ಬಿಡುತ್ತಿದ್ದರು. ನಡುವೆ ಶಂಖದಂಗಡಿಯವಳು ಬರುತ್ತಿದ್ದಳು. ಓಡುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾತ್ರೆ ತೊಳೆಯಲು ಹೊರಟವಳ ಹಾಗೆ ಬರುತ್ತಿದ್ದಳು. ಇನ್ನೂ ಇನ್ನೂರು ಹೆಜ್ಜೆ ಇತ್ತು.

ಐದನೇ ತೊಟ್ಟಿಲನ್ನು ನಿಧಾನವಾಗಿ ಇಳಿಸಿದೆ. ಹಿಡಿಕೆ ಎಳೆದರೆ ಚಕ್ರ ಓಡುವುದು ಮುಂದಕ್ಕೆ ಮಾತ್ರ, ಅಲ್ಲಿಂದ ನಾಲ್ಕಕ್ಕೆ ಬರಲು ಒಂದು ಪೂರ್ತಿ ಸುತ್ತು ಬೇಕು. ಮೂರನೇ ಸಲ ಒಂದನೇ ನಂಬರು ನನ್ನ ಮುಂದೆ ಹಾದಾಗ ಯಜಮಾನರೂ ಅವಳನ್ನು ನೋಡಿದರು. ಆಗ ಅವರ ನಗು ಹೋಯಿತು. “ಕೇಳಮ್ಮ ಇಲ್ಲಿ,” ಎಂದು ಬಗ್ಗಿದರು, “ನಿನ್ನ ಕೆಲಸ ವಾಪಸ್ ಕೊಡ್ತೀನಿ, ನಾಳೆಯಿಂದಾನೇ ಬಾ, ಅವಳನ್ನ ಮಾತ್ರ ಆಚೆ ಕಳ್ಸು—” ಮಾತು ಮುಗಿಯುವಷ್ಟರಲ್ಲಿ ಅವರು ನನ್ನ ತಲೆಗಿಂತ ಮೇಲಿದ್ದರು.

“ಇವಳಿಗೆ ಕೆಲಸ ಇದೆಯಲ್ಲ ಯಜಮಾನ್ರೇ,” ಹುಡುಗಿಯನ್ನು ತೋರಿಸಿ ಕೂಗಿದೆ. “ಒಂದು ಚಕ್ರಕ್ಕೆ ಇಬ್ಬರು ಯಾಕೆ?”

ನಾಲ್ಕನೇ ತೊಟ್ಟಿಲಿನ ಮಕ್ಕಳು ಇಳಿದು ಅಮ್ಮಂದಿರ ಕಡೆ ಓಡಿದರು. ಇನ್ನು ಉಳಿದದ್ದು ಒಂದೇ. ಶಂಖದಂಗಡಿಯವಳು ಸರಪಳಿಯ ಹತ್ತಿರ ಬಂದು ನಿಂತಳು. ಅಣ್ಣನೂ ಅವನ ಗೋಡೆಯೂ ಸರಿದು ಜಾಗ ಕೊಟ್ಟರು. ಅವಳು ಮೇಲೆ ನೋಡಲಿಲ್ಲ, ನನ್ನನ್ನು ನೋಡಿದಳು.

“ಬೀಗ ಹಾಕಿದ್ಯಾ ಅವತ್ತು?”

“ಹಾಕಿದ್ದೆ.”

“ನಾಲ್ಕು ವರ್ಷ ಉಗಿಸ್ಕೊಂಡ್ಯಲ್ಲ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನಂಬ್ತಿದ್ಯಾ?”

“ಇಲ್ಲ,” ಎಂದಳು. ಸರಪಳಿ ತೆಗೆದು ಒಳಗೆ ಬಂದು, ತೊಟ್ಟಿಲು ನಿಲ್ಲುವ ಜಾಗದ ಎದುರಿಗೆ ನಿಂತಳು. “ಇಳಿಸು.”

ಇಳಿಸಿದೆ. ಒಂದನೇ ನಂಬರಿನ ತೊಟ್ಟಿಲು ಅವಳ ಮುಂದೆ ಬಂದು, ಒಂದು ಕೂದಲೆಳೆ ಆಚೀಚೆ ಇಲ್ಲದೆ ನಿಂತಿತು. ಒಳಗೆ ಇಬ್ಬರೂ ಒಬ್ಬರ ಹಿಂದೊಬ್ಬರು ಸರಿಯಲು ನೋಡುತ್ತಿದ್ದರು. ತೊಟ್ಟಿಲಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ನಾನು ಚಿಲಕ ತೆಗೆದು ಅವಳಿಗೆ ದಾರಿ ಬಿಟ್ಟೆ.